ಡೇಟಾಬೇಸ್ ಕಾಯುವವರು ಯಾರು?

ಪರಿಚಯದವರೊಬ್ಬರ ಪತ್ತಿನ ಸಹಕಾರ ಸಂಘದಲ್ಲಿ ಕೆಲ ವರ್ಷಗಳ ಹಿಂದೆ ಸರ್ವರ್ ಬದಲಾಯಿಸಿದರು. ಮರುದಿನ ಸದಸ್ಯರ ಪಟ್ಟಿ ತೆರೆದರೆ ಹೆಸರುಗಳಿರಬೇಕಾದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಮಲ್ಲಿಕಾರ್ಜುನ ಇದ್ದಲ್ಲಿ 12, ಗೀತಾ ಇದ್ದಲ್ಲಿ 4. ರಾಜುಗೂ 4. ಒತ್ತು, ಗುಣಿತಗಳನ್ನು ಕಂಪ್ಯೂಟರ್ ಬಿಡಿಬಿಡಿಯಾಗಿ ಎಣಿಸುವುದರಿಂದ ಈ ಲೆಕ್ಕ. ‘ಫಾಂಟ್ ಪ್ರಾಬ್ಲಂ ಸಾರ್, ಹಾಕಿದ್ರೆ ಸರಿಹೋಗುತ್ತೆ’ ಎಂದ ಸಾಫ್ಟ್‌ವೇರ್ ಹುಡುಗ. ಹೋಗಲಿಲ್ಲ. ಅಲ್ಲಿ ಹೆಸರು ಕಾಣದೆ ಇದ್ದದ್ದಲ್ಲ, ಹೆಸರೇ ಇರಲಿಲ್ಲ.

ಆಗಿದ್ದು ಇಷ್ಟು. ಹೊಸ ಯಂತ್ರದಲ್ಲಿ ಟೇಬಲ್‌ಗಳನ್ನು ಮೊದಲಿನಿಂದ ಕಟ್ಟುವಾಗ ಯಾವ ಲಿಪಿಯ ಅಕ್ಷರ ಬರಲಿದೆ ಎಂದು ಆತ ಹೇಳಿರಲಿಲ್ಲ. ಹೇಳದಿದ್ದರೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ ಆವೃತ್ತಿಗಳು ‘ಲ್ಯಾಟಿನ್-1’ ಎಂದೇ ಭಾವಿಸುತ್ತಿದ್ದವು. ಆ ಡಬ್ಬಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಬಂದ ಪ್ರತಿ ಅಕ್ಷರವನ್ನೂ ಎಸೆದು ಅದರ ಜಾಗಕ್ಕೊಂದು ಪ್ರಶ್ನೆಚಿಹ್ನೆ ಬರೆದಿಟ್ಟು, ಯಾರೂ ಓದದ ಒಂದು ಎಚ್ಚರಿಕೆ ಕೊಟ್ಟು ಅದು ಸುಮ್ಮನಾಯಿತು. ಬ್ಯಾಕಪ್ ದಿನಾ ತಪ್ಪದೆ ಆಗುತ್ತಿತ್ತು, ಹಿಂದಿನ ದಿನದ ಕಡತದ ಮೇಲೇ. ವಿಷಯ ತಿಳಿಯುವ ಹೊತ್ತಿಗೆ ಅದರಲ್ಲೂ ಪ್ರಶ್ನೆಚಿಹ್ನೆಗಳೇ. ಕೊನೆಗೆ ಉಳಿಸಿದ್ದು ಬೀರುವಿನಲ್ಲಿದ್ದ ಕೆಂಪು ರಟ್ಟಿನ ಲೆಡ್ಜರ್. ಇಬ್ಬರು ಗುಮಾಸ್ತರು ಅದನ್ನು ನೋಡಿಕೊಂಡು ಎಲ್ಲ ಹೆಸರನ್ನೂ ಮತ್ತೆ ಟೈಪ್ ಮಾಡಿದರು.

ಇದರಲ್ಲಿ ತಂತ್ರಾಂಶದ ತಪ್ಪೂ ಒಂದಿಷ್ಟಿದೆ. ಇಂಥ ಕಡೆ ಎಚ್ಚರಿಕೆಯ ಬದಲು ದೋಷವೆಂದೇ ಹೇಳಿ ಕೆಲಸ ನಿಲ್ಲಿಸುವುದು ಮೈಎಸ್‌ಕ್ಯೂಎಲ್‌ಗೆ ಸಹಜ ರೂಢಿಯಾದದ್ದು 2015ರ 5.7ನೇ ಆವೃತ್ತಿಯಿಂದ, ಜಗತ್ತಿನ ಎಲ್ಲ ಲಿಪಿಗಳನ್ನೂ ತಾನಾಗಿ ಒಪ್ಪಿದ್ದು 2018ರ 8.0ರಿಂದ. ಆದರೆ ಸಂಘದವರನ್ನು ನಾನು ಕೇಳಿದ್ದು ಬೇರೆಯೇ ಪ್ರಶ್ನೆ: ಈ ಡೇಟಾಬೇಸ್ ನೋಡಿಕೊಳ್ಳುವುದು ಯಾರು? ಕಾರ್ಯದರ್ಶಿ ಹುಡುಗನ ಕಡೆ ನೋಡಿದರು. ಹುಡುಗ ನನ್ನ ಕಡೆ ನೋಡಿದ.

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ‘ಒರಾಕಲ್ ಡಿಬಿಎ’ (ಡೇಟಾಬೇಸ್ ನಿರ್ವಾಹಕ) ಅಂದರೆ ಮದುವೆ ಮಾತುಕತೆಯಲ್ಲೂ ತೂಕವಿದ್ದ ಹುದ್ದೆ. ದುಬಾರಿ ಲೈಸೆನ್ಸ್ ಕೊಂಡವರು ಅದನ್ನು ಕಾಯಲು ಒಬ್ಬರನ್ನು ಇಟ್ಟುಕೊಳ್ಳುತ್ತಿದ್ದರು. ಬಳಿಕ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮಾರಿಯಾಡಿಬಿಯಂಥ ಮುಕ್ತ ತಂತ್ರಾಂಶಗಳತ್ತ ಹೊರಳಿದವರಲ್ಲಿ ಅನೇಕರು ಲೈಸೆನ್ಸ್ ಹಣದ ಜೊತೆಗೆ ಆ ಹುದ್ದೆಯನ್ನೂ ಉಳಿತಾಯದ ಲೆಕ್ಕಕ್ಕೆ ಬರೆದುಕೊಂಡರು. ಮುಕ್ತ ತಂತ್ರಾಂಶದ ಬಗ್ಗೆ ನಮ್ಮಲ್ಲಿರುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಈ ಉಳಿತಾಯದ ಫಲ ಎಂಬುದು ನನ್ನ ಅನುಭವ.

ತಂತ್ರಾಂಶದ ಗುಣಮಟ್ಟದ ಬಗ್ಗೆ ಈಗ ವಾದ ಬೇಕಿಲ್ಲ. ಪೋಸ್ಟ್‌ಗ್ರೆಸ್ ಹುಟ್ಟಿದ್ದು 1986ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಯೋಜನೆಯಾಗಿ; ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ಬಂದದ್ದು 1996ರಲ್ಲಿ. ಅದಕ್ಕೆ ಒಡೆಯ ಕಂಪನಿ ಇಲ್ಲ. ಸ್ವೀಡನ್‌ನ ಮೈಎಸ್‌ಕ್ಯೂಎಲ್‌ಗೆ ಇತ್ತು: 2008ರಲ್ಲಿ ಸನ್ ಕಂಪನಿ 100 ಕೋಟಿ ಡಾಲರ್‌ಗೆ ಕೊಂಡಿತು, 2010ರಲ್ಲಿ ಸನ್ ಸಮೇತ ಅದು ಒರಾಕಲ್ ಪಾಲಾಯಿತು. ಅದನ್ನು ಕಟ್ಟಿದ್ದ ಮಾಂಟಿ ವಿಡೇನಿಯಸ್ ಹೊರಬಂದು ಅದೇ ಸಂಕೇತದಿಂದ ಮಾರಿಯಾಡಿಬಿ ಕವಲೊಡೆಸಿ, ಕಿರಿಯ ಮಗಳ ಹೆಸರಿಟ್ಟರು. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ರೂಪಿಸಿದ, ಹಲವು ರಾಜ್ಯಗಳ ನಗರಾಡಳಿತಗಳು ಬಳಸುವ ‘ಡಿಜಿಟ್’ ವೇದಿಕೆ ನಿಂತಿರುವುದು ಪೋಸ್ಟ್‌ಗ್ರೆಸ್ ಮೇಲೆ. ಸಾಲದೆಂಬ ಮಾತೇ ಇಲ್ಲ.

ಸಾಲದಿರುವುದು ನಿಗಾ. ಒಂದು ಉದಾಹರಣೆ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೆಯದು ಅಳಿಯುವುದಿಲ್ಲ. ಹಳೇ ಶಾನುಭೋಗರ ಪುಸ್ತಕದಂತೆ, ಹಿಂದಿನ ನಮೂದಿಗೆ ಗೀಟೆಳೆದು ಹೊಸದನ್ನು ಬೇರೆ ಕಡೆ ಬರೆಯುತ್ತದೆ. ಅದೇ ಗಳಿಗೆಯಲ್ಲಿ ಹಳೆಯದನ್ನು ಓದುತ್ತಿದ್ದವರಿಗೆ ಅಡ್ಡಿಯಾಗದಿರಲಿ ಎಂದು ಈ ಜಾಣತನ. ಗೀಟೆಳೆದ ಸಾಲುಗಳನ್ನು ಗುಡಿಸಲು ‘ಆಟೋವ್ಯಾಕ್ಯೂಮ್’ ಎಂಬ ಕಸಬರಿಗೆ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಆದರೆ ಯಾರೋ ಒಬ್ಬರು ಒಂದು ವಹಿವಾಟು ಶುರುಮಾಡಿ, ಮುಗಿಸದೆ, ಪರದೆ ಹಾಗೇ ಬಿಟ್ಟು ಊಟಕ್ಕೆ ಹೋದರೆಂದುಕೊಳ್ಳಿ. ಅವರಿಗೆ ಬೇಕಾದೀತೆಂದು ಆ ಬಳಿಕದ ಕಸವೆಲ್ಲ ಹಾಗೇ ಉಳಿಯುತ್ತದೆ. ವಾರಗಟ್ಟಲೆ ಹೀಗಾದರೆ ಹತ್ತು ಜಿಬಿಯ ಟೇಬಲ್ ನೂರಾಗಿ ಡಿಸ್ಕ್ ತುಂಬುತ್ತದೆ. ಇನ್ನೊಂದು ಅಪಾಯ ಆಳದಲ್ಲಿದೆ. ಪ್ರತಿ ವಹಿವಾಟಿಗೂ ಕೊಡುವ ಕ್ರಮಸಂಖ್ಯೆ 32 ಬಿಟ್‌ನದು, ಅಂದರೆ ಸುಮಾರು 400 ಕೋಟಿಗೆ ಒಂದು ಸುತ್ತು ಮುಗಿಯುತ್ತದೆ. ಗುಡಿಸುವಿಕೆ ಹಿಂದೆಬಿದ್ದು, ಅರ್ಧ ಸುತ್ತಿನಷ್ಟು ಹಳೆಯ ಸಂಖ್ಯೆಗಳು ಹಾಗೇ ಉಳಿಯುವ ಹಂತ ಬಂದರೆ, ದತ್ತಾಂಶ ಕಲಸಿಹೋಗದಿರಲಿ ಎಂದು ಅದು ಹೊಸ ಬರವಣಿಗೆಯನ್ನೇ ನಿರಾಕರಿಸುತ್ತದೆ. 2015ರಲ್ಲಿ ಅಮೆರಿಕದ ಸೆಂಟ್ರಿ ಎಂಬ ಕಂಪನಿಯ ಸೇವೆ ನಿಂತುಹೋದದ್ದು ಹೀಗೆಯೇ. ಅಲ್ಲಿದ್ದವರು ಅನನುಭವಿಗಳಲ್ಲ.

ಬ್ಯಾಕಪ್ ವಿಷಯದಲ್ಲಿ, ಪ್ರೋಗ್ರಾಮರ್‌ಗಳು ಸಂಕೇತ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್ ಪ್ರಸಂಗಕ್ಕಿಂತ ದೊಡ್ಡ ಪಾಠವನ್ನು ನಾನು ಓದಿಲ್ಲ. 2017ರ ಜನವರಿ 31ರ ರಾತ್ರಿ, ದಣಿದಿದ್ದ ಎಂಜಿನಿಯರ್ ಒಬ್ಬರು ಉಪ ಸರ್ವರ್‌ನ ಕಡತಗಳನ್ನು ಅಳಿಸಲು ಹೋಗಿ ಮುಖ್ಯ ಸರ್ವರ್‌ನಲ್ಲಿ ಆಜ್ಞೆ ಒತ್ತಿದರು. ಒಂದೆರಡು ಸೆಕೆಂಡಿಗೆ ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆಂದು ಹಲವು ಏರ್ಪಾಡುಗಳಿದ್ದವು. ದಿನನಿತ್ಯದ ಬ್ಯಾಕಪ್ ಎಷ್ಟೋ ದಿನದಿಂದ ವಿಫಲವಾಗುತ್ತಿತ್ತು, ಡೇಟಾಬೇಸ್ 9.6ನೇ ಆವೃತ್ತಿಯದಾದರೆ ಬ್ಯಾಕಪ್ ಸಾಧನ 9.2ರದು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು! ಆರು ಗಂಟೆ ಮುಂಚೆ ಬೇರಾವುದೋ ಪರೀಕ್ಷೆಗೆಂದು ಅದೇ ಎಂಜಿನಿಯರ್ ತೆಗೆದಿಟ್ಟಿದ್ದ ಪ್ರತಿಯೊಂದೇ ಕೈಹಿಡಿದದ್ದು. ನಡುವಿನ ಆರು ಗಂಟೆಯ ಸುಮಾರು 5,000 ಪ್ರಾಜೆಕ್ಟ್‌ಗಳು, ಅಷ್ಟೇ ಟಿಪ್ಪಣಿಗಳು, 700 ಹೊಸ ಖಾತೆಗಳು ಹೋದವು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆಯಿತು, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿತು, ಎಂಜಿನಿಯರ್ ಹೆಸರು ಮಾತ್ರ ಹೇಳಲಿಲ್ಲ. ನಮ್ಮಲ್ಲಾಗಿದ್ದರೆ ಮೊದಲು ಹೊರಬರುತ್ತಿದ್ದದ್ದು ಹೆಸರು.

ಕನ್ನಡದವರಿಗೆಂದೇ ಕಾದಿರುವ ತೊಡಕೂ ಉಂಟು. ಸಂಘದವರ ಪಟ್ಟಿ ಸರಿಹೋದ ಮೇಲೆ ಮಹಾಸಭೆಗೆ ಅಕಾರಾದಿಯಾಗಿ ಮುದ್ರಿಸಿದರು. ಕಳಸಪ್ಪ ಮೊದಲು, ಕವಿತಾ ಆಮೇಲೆ. ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ‘ಳ ಯಾವಾಗಿನಿಂದ ವ-ಗಿಂತ ಮುಂದೆ ಬಂತಪ್ಪ?’ ಎಂದು ಕೇಳಿದರಂತೆ. ಯೂನಿಕೋಡ್‌ನಲ್ಲಿ ನಮ್ಮ ಅಕ್ಷರಗಳಿಗೆ ಸಂಖ್ಯೆ ಕೊಟ್ಟದ್ದು ದೇವನಾಗರಿಯ ಜೋಡಣೆಗೆ ಹೊಂದಿಸಿ. ಅಲ್ಲಿ ಲ ಆದ ಮೇಲೆ ಳ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಈ ಎಡವಟ್ಟು. ಯಾವ ಭಾಷೆಯ ಕ್ರಮ ಬೇಕೆಂದು ‘ಕೊಲೇಶನ್’ ಮೂಲಕ ಹೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಇದಕ್ಕೆ ಐಸಿಯು ಎಂಬ ಒಳ್ಳೆಯ ಸೌಲಭ್ಯವಿದೆ. ಆದರೆ ಯಾರೋ ಕೂತು ಆರಿಸಬೇಕು.

ಆರಿಸಿದ ಮೇಲೂ ಮರೆಯುವಂತಿಲ್ಲ. ಲಿನಕ್ಸ್‌ನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿ 2018ರಲ್ಲಿ ತನ್ನ ಅಕ್ಷರಕ್ರಮದ ನಿಯಮಗಳನ್ನು ಬದಲಿಸಿತು. ಆಪರೇಟಿಂಗ್ ಸಿಸ್ಟಮ್ ಹೊಸದು ಹಾಕಿದ ಎಷ್ಟೋ ಕಡೆ ಪೋಸ್ಟ್‌ಗ್ರೆಸ್‌ನ ಇಂಡೆಕ್ಸ್‌ಗಳು ಹಳೇ ಕ್ರಮದಲ್ಲೇ ಉಳಿದವು. ಫಲವಾಗಿ, ಇರುವ ದಾಖಲೆಯನ್ನೇ ‘ಇಲ್ಲ’ ಎನ್ನತೊಡಗಿತು ಡೇಟಾಬೇಸ್. ಇಂಡೆಕ್ಸ್ ಮತ್ತೆ ಕಟ್ಟಿದರೆ ಮುಗಿಯುವ ಕೆಲಸ. ಕಟ್ಟಬೇಕೆಂದು ಗೊತ್ತಿರುವವರು ಆ ಊರಲ್ಲಿರಬೇಕಷ್ಟೆ.

ಕ್ಲೌಡ್‌ಗೆ ಹಾಕಿದರೆ ಇದೆಲ್ಲ ತಪ್ಪುತ್ತದಲ್ಲ ಎನ್ನುವವರಿದ್ದಾರೆ. ಕೆಲವು ತಪ್ಪುತ್ತವೆ. ಡಿಸ್ಕ್, ದಿನದ ಬ್ಯಾಕಪ್, ಆವೃತ್ತಿಯ ತೇಪೆಗಳನ್ನು ಕ್ಲೌಡ್ ಕಂಪನಿಯವರು ನೋಡಿಕೊಳ್ಳುತ್ತಾರೆ. ಮುಗಿಸದೆ ಬಿಟ್ಟ ವಹಿವಾಟು, ತಪ್ಪು ಕೊಲೇಶನ್, ಎಲ್ಲರ ಕೈಗೂ ಕೊಟ್ಟ ಅಡ್ಮಿನ್ ಪಾಸ್‌ವರ್ಡ್ ಮಾತ್ರ ನಮ್ಮವೇ.

ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ನೀತಿ ತಂದಿದೆ. ಇ-ಆಡಳಿತದಲ್ಲಿ ಅದಕ್ಕೇ ಆದ್ಯತೆ, ಬಿಟ್ಟರೆ ಪೂರೈಕೆದಾರರು ಕಾರಣ ಕೊಡಬೇಕು ಎನ್ನುತ್ತದೆ ಅದು. ಒಳ್ಳೆಯ ನೀತಿ. ಆದರೆ ನಾನು ಕಂಡ ಟೆಂಡರ್‌ಗಳಲ್ಲಿ ತಂತ್ರಾಂಶದ ಸಾಲಿಗೆ ಸೊನ್ನೆ ಬರೆದ ಕೈ, ನಿರ್ವಹಣೆಯ ಸಾಲಿಗೂ ಸೊನ್ನೆಗೆ ಹತ್ತಿರದ್ದೇನನ್ನೋ ಬರೆಯುತ್ತದೆ. ‘ಬ್ಯಾಕಪ್ ಇರತಕ್ಕದ್ದು’ ಎಂಬ ಷರತ್ತಿಗೆ ಎಲ್ಲರೂ ಟಿಕ್ ಹಾಕುತ್ತಾರೆ. ಅದರ ಬದಲು ಹೀಗೆ ಬರೆಯಲಿ: ಮೂರು ತಿಂಗಳಿಗೊಮ್ಮೆ, ಖಾಲಿ ಯಂತ್ರವೊಂದರಲ್ಲಿ, ಬ್ಯಾಕಪ್‌ನಿಂದ ಡೇಟಾಬೇಸನ್ನು ಪೂರ್ತಿ ಎಬ್ಬಿಸಿ, ಇಲಾಖೆಯ ಗುಮಾಸ್ತರು ಅಲ್ಲೇ ಆರಿಸಿ ಹೇಳಿದ ಹತ್ತು ಕನ್ನಡ ಹೆಸರುಗಳನ್ನು ಹುಡುಕಿ ತೋರಿಸತಕ್ಕದ್ದು, ಗುಮಾಸ್ತರ ಸಹಿ ಬೀಳದೆ ಆ ತ್ರೈಮಾಸಿಕದ ಬಿಲ್ ಪಾಸಾಗತಕ್ಕದ್ದಲ್ಲ.