ಹಸುಗೂಸಿಗೆ ದೀಕ್ಷಾಸ್ನಾನ, ದೊಡ್ಡವರಾದ ಮೇಲೆ 'ನನಗೆ ಧರ್ಮ ಬೇಡ': ಬಾಂಬೆ ಹೈಕೋರ್ಟ್ ತೆರೆದ ಬಾಗಿಲಿನ ಆಚೆ ಏನಿದೆ?

ಮುಂಬೈನ ಚರ್ನಿ ರೋಡ್‌ನಲ್ಲಿ ಮಹಾರಾಷ್ಟ್ರ ಸರ್ಕಾರದ ಮುದ್ರಣ ಇಲಾಖೆಯ ಕಚೇರಿ ಇದೆ. ಹೆಸರು, ಜನ್ಮದಿನಾಂಕ ಅಥವಾ ಧರ್ಮ ಬದಲಾಗಿದೆ ಎಂದು ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾದರೆ ಅರ್ಜಿ ಹೋಗುವುದು ಈ ಇಲಾಖೆಗೇ. ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರಿದವರಿಗೆ ಇಲ್ಲಿ ತೊಂದರೆ ಇರಲಿಲ್ಲ. ಆದರೆ 'ನಾವು ಕ್ರೈಸ್ತರಲ್ಲ, ನಮಗೆ ಯಾವ ಧರ್ಮವೂ ಇಲ್ಲ ಎಂದು ಪ್ರಕಟಿಸಿ' ಎಂದು ಮೂವರು ಕೇಳಿದಾಗ ಇಲಾಖೆ ಒಪ್ಪಲಿಲ್ಲ. ಆ ನಿರಾಕರಣೆಯಿಂದ ಹುಟ್ಟಿದ ತೀರ್ಪು ಇಂದಿಗೂ ಬಹಳ ಜನರಿಗೆ ಗೊತ್ತಿಲ್ಲ.

ಏನಿದು ಪ್ರಕರಣ?

ಅರ್ಜಿದಾರರು 'ಫುಲ್ ಗಾಸ್ಪೆಲ್ ಚರ್ಚ್ ಆಫ್ ಗಾಡ್' ಎಂಬ ಸಂಘಟನೆಗೆ ಸೇರಿದವರು. ಯೇಸುವನ್ನು ನಂಬುತ್ತೇವೆ, ಆದರೆ ಕ್ರೈಸ್ತ ಧರ್ಮವೂ ಸೇರಿದಂತೆ ಯಾವ ಧರ್ಮವನ್ನೂ ನಂಬುವುದಿಲ್ಲ ಎಂಬುದು ಅವರ ವಾದ. 'ಧರ್ಮವಿಲ್ಲ' ಎಂಬುದನ್ನೇ ಒಂದು ಧರ್ಮದಂತೆ ದಾಖಲಿಸಲಾಗದು ಎಂದು ಸರ್ಕಾರ ವಿರೋಧಿಸಿತು.

2014ರ ಸೆಪ್ಟೆಂಬರ್ 23ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಎ.ಎಸ್. ಚಂದೂರ್ಕರ್ ಅವರ ಪೀಠ ಅರ್ಜಿದಾರರ ಪರ ತೀರ್ಪು ನೀಡಿತು. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಧರ್ಮ ಬೇಡ ಎನ್ನುವ ಹಕ್ಕೂ ಸೇರಿದೆ, ಯಾವ ಅರ್ಜಿ ನಮೂನೆಯಲ್ಲೂ ಧರ್ಮ ಘೋಷಿಸುವಂತೆ ಸರ್ಕಾರ ಒತ್ತಾಯಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಓಕಾ ಅವರು ಕನ್ನಡಿಗರಿಗೆ ಅಪರಿಚಿತರಲ್ಲ. 2019ರಿಂದ 2021ರವರೆಗೆ ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ಈ ತೀರ್ಪು ಹೆಚ್ಚು ಮುಖ್ಯವಾಗುವುದು ಸ್ವಂತ ನಿರ್ಧಾರವಿಲ್ಲದೆಯೇ ಧರ್ಮದೊಳಗೆ ಬಂದವರಿಗೆ. ಬಾಂದ್ರಾ, ಅಂಧೇರಿ, ಬೊರಿವಲಿಯಲ್ಲಿ ನೆಲೆಸಿರುವ ಮಂಗಳೂರು-ಉಡುಪಿ ಮೂಲದ ಎಷ್ಟೋ ಕ್ಯಾಥೋಲಿಕ್ ಕುಟುಂಬಗಳಲ್ಲಿ ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ನಡೆಯುತ್ತದೆ. ಮಗುವಿನ ಪರವಾಗಿ ಉತ್ತರಿಸುವವರು ಅಪ್ಪ-ಅಮ್ಮ ಮತ್ತು ಗಾಡ್‌ಪೇರೆಂಟ್‌ಗಳು. ಮೂವತ್ತು ವರ್ಷದ ಬಳಿಕ ಆ ಮಗು 'ಇದು ನನ್ನ ಆಯ್ಕೆಯಲ್ಲ' ಎಂದರೆ?

ಚರ್ಚ್ ಪುಸ್ತಕದಿಂದ ಹೆಸರು ತೆಗೆಸಬಹುದೇ?

ಕ್ಯಾಥೋಲಿಕ್ ಚರ್ಚ್‌ನ ದೃಷ್ಟಿಯಲ್ಲಿ ದೀಕ್ಷಾಸ್ನಾನ ಅಳಿಸಲಾಗದ ಮುದ್ರೆ. ಚರ್ಚಿಗೆ ಹೋಗುವುದು ಬಿಟ್ಟರೂ, ನಂಬಿಕೆಯನ್ನೇ ತೊರೆದರೂ, ಆ ಸಂಸ್ಕಾರ ನಡೆದಿಲ್ಲ ಎಂದಾಗುವುದಿಲ್ಲ. 2006ರಲ್ಲಿ ವ್ಯಾಟಿಕನ್ 'ಔಪಚಾರಿಕ ನಿರ್ಗಮನ' ಹೇಗಿರಬೇಕು ಎಂದು ವಿವರಿಸಿ, ಅದನ್ನು ದೀಕ್ಷಾಸ್ನಾನದ ಪುಸ್ತಕದಲ್ಲಿ ಷರಾ ಬರೆದು ದಾಖಲಿಸುವಂತೆ ಹೇಳಿತ್ತು. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರು ಮದುವೆಯ ನಿಯಮಗಳಲ್ಲಿ ಆ ನಿರ್ಗಮನಕ್ಕಿದ್ದ ಮಹತ್ವವನ್ನು ಚರ್ಚ್ ಕಾನೂನಿನಿಂದ ತೆಗೆದುಹಾಕಿದರು.

ಯುರೋಪಿನಲ್ಲೂ ಈ ಜಗಳ ಇದೆ. ಜರ್ಮನಿಯಲ್ಲಿ ಚರ್ಚ್ ತೆರಿಗೆ ಇರುವುದರಿಂದ ಸರ್ಕಾರಿ ಕಚೇರಿ ಅಥವಾ ನ್ಯಾಯಾಲಯದಲ್ಲೇ ನಿರ್ಗಮನ ದಾಖಲಿಸಬಹುದು. 2023ರಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಕ್ಯಾಥೋಲಿಕ್ ಚರ್ಚ್ ಬಿಟ್ಟರು. ಫ್ರಾನ್ಸ್‌ನಲ್ಲಿ ಹೆಸರನ್ನೇ ಅಳಿಸಿ ಎಂದು ಕೇಳಿದವರಿಗೆ ಅಲ್ಲಿನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಇಲ್ಲ ಎಂದಿತು. 'ಚರ್ಚ್ ಬಿಟ್ಟಿದ್ದಾರೆ' ಎಂಬ ಷರಾ ಸಾಕು ಎಂಬುದು ಅದರ ನಿಲುವು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಅಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ. ಆದರೆ ಅದು ಅನ್ವಯಿಸುವುದು ಡಿಜಿಟಲ್ ರೂಪದ ಅಥವಾ ಆಮೇಲೆ ಡಿಜಿಟಲ್‌ಗೆ ಪರಿವರ್ತಿಸಿದ ಮಾಹಿತಿಗೆ ಮಾತ್ರ. ಕೈಬರಹದ ಹಳೆಯ ಪುಸ್ತಕ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನು ನೋಡುವುದು ಸ್ನಾನವನ್ನೋ, ನಂಬಿಕೆಯನ್ನೋ?

ಇಲ್ಲೊಂದು ಸಮಾಧಾನದ ಸಂಗತಿ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಕ್ರೈಸ್ತರು ಎಂದರೆ ಕ್ರೈಸ್ತ ಧರ್ಮವನ್ನು 'ಅನುಸರಿಸುವುದಾಗಿ ಹೇಳಿಕೊಳ್ಳುವವರು'. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ವ್ಯಾಖ್ಯೆಯೂ ಹೀಗೇ ಇದೆ. ಅಂದರೆ ಕಾಗದದ ಮೇಲೆ ಕಾನೂನು ಕೇಳುವುದು ನಿಮ್ಮ ಇಂದಿನ ನಂಬಿಕೆಯನ್ನು, ತಲೆಯ ಮೇಲೆ ಅಂದು ಸುರಿದ ನೀರನ್ನಲ್ಲ.

ಆದರೆ ವ್ಯಾಜ್ಯ ಬಂದಾಗ ಚಿತ್ರ ಬೇರೆ. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣ ತೀರ್ಮಾನಿಸಿತು. ಹುಟ್ಟಿದ ಕೆಲವೇ ವಾರಗಳಲ್ಲಿ ಅವರಿಗೆ ದೀಕ್ಷಾಸ್ನಾನವಾಗಿತ್ತು. ತಾನು ಹಿಂದೂ, ಪರಿಶಿಷ್ಟ ಜಾತಿಗೆ ಸೇರಿದವಳು ಎಂದು ಸರ್ಕಾರಿ ನೌಕರಿಗಾಗಿ ಅವರು ಜಾತಿ ಪ್ರಮಾಣಪತ್ರ ಕೇಳಿದ್ದರು. ದೀಕ್ಷಾಸ್ನಾನ ಆಗಿದೆ, ನಿಯಮಿತವಾಗಿ ಚರ್ಚಿಗೆ ಹೋಗುತ್ತಾರೆ, ಹಿಂದೂ ಧರ್ಮಕ್ಕೆ ಮರಳಿದ್ದಕ್ಕೆ ಪುರಾವೆ ಇಲ್ಲ ಎಂದು ಕೋರ್ಟ್ ಮನವಿ ತಿರಸ್ಕರಿಸಿತು. ನಿಜವಾದ ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಧರ್ಮ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ಆ ಪ್ರಕರಣದಲ್ಲಿ ದೀಕ್ಷಾಸ್ನಾನವೊಂದೇ ಆಧಾರವಾಗಿರಲಿಲ್ಲ ನಿಜ. ಆದರೂ ಒಂದು ಪಾಠ ಸ್ಪಷ್ಟ: ಹಸುಗೂಸಾಗಿದ್ದಾಗ ನಡೆದ ವಿಧಿಯೂ ಸಾಕ್ಷ್ಯವಾಗುತ್ತದೆ. ಬಿಟ್ಟಿದ್ದೇನೆ ಎನ್ನುವವರು ಅದನ್ನು ತೋರಿಸಬೇಕು.

ಬಿಟ್ಟರೆ ಸಾಲದು, ಇನ್ನೊಂದಕ್ಕೆ ಸೇರಬೇಕು!

ನಮ್ಮ ಕಾನೂನುಗಳಿಗೆ ಅರ್ಥವಾಗುವುದು 'ಅಲ್ಲಿಂದ ಇಲ್ಲಿಗೆ' ಹೋಗುವುದು ಮಾತ್ರ. ಕ್ರೈಸ್ತರ ವಿಚ್ಛೇದನ ಕಾಯ್ದೆಯನ್ನೇ ನೋಡಿ. ಸಂಗಾತಿ 'ಬೇರೆ ಧರ್ಮಕ್ಕೆ ಮತಾಂತರಗೊಂಡು' ಕ್ರೈಸ್ತರಾಗಿ ಉಳಿದಿಲ್ಲ ಎಂಬುದು ಅಲ್ಲಿ ವಿಚ್ಛೇದನಕ್ಕೆ ಕಾರಣ. ಎಲ್ಲಿಗೂ ಸೇರದೆ ಸುಮ್ಮನೆ ಹೊರಬಂದವರು ಆ ವಾಕ್ಯದೊಳಗೆ ಇಲ್ಲ.

ಇನ್ನೂ ವಿಚಿತ್ರ ಎಂದರೆ ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯ್ದೆಗಳು. ಮುಸ್ಲಿಂ, ಕ್ರೈಸ್ತ, ಪಾರ್ಸಿ ಅಥವಾ ಯಹೂದಿ ಅಲ್ಲದ 'ಇತರ ಯಾವುದೇ ವ್ಯಕ್ತಿ'ಗೂ ಅವು ಅನ್ವಯವಾಗುತ್ತವೆ. ಹಿಂದೂ ಕಾನೂನು ತಮಗೆ ಅನ್ವಯಿಸುತ್ತಿರಲಿಲ್ಲ ಎಂದು ಸಾಬೀತುಪಡಿಸಿದರೆ ಮಾತ್ರ ವಿನಾಯಿತಿ. ಹಾಗಾಗಿ ಚರ್ಚ್ ಬಿಟ್ಟು 'ಧರ್ಮವಿಲ್ಲ' ಎಂದವರ ಆಸ್ತಿ ಯಾವ ಕಾಯ್ದೆಯಡಿ ಹಂಚಿಕೆಯಾಗಬೇಕು ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ, ಉತ್ತರ ಅಷ್ಟು ಸರಳವಲ್ಲ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ನಂಬಿಕೆ ತೊರೆದ ಕೇರಳದ ಮಹಿಳೆಯೊಬ್ಬರು ತಮಗೆ ಷರೀಯತ್ ಬದಲು 1925ರ ಕಾಯ್ದೆ ಅನ್ವಯವಾಗಲಿ ಎಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದೂ ಇದೇ ಗೊಂದಲದಿಂದ. 2024ರ ಏಪ್ರಿಲ್‌ನಲ್ಲಿ ಆ ಅರ್ಜಿಯ ಮೇಲೆ ಕೇಂದ್ರಕ್ಕೆ ನೋಟಿಸ್ ಜಾರಿಯಾಗಿತ್ತು.

ಹಾಗಾದರೆ ದಾರಿ ಏನು?

ಧರ್ಮ ಬಿಟ್ಟರೆ ಅಪ್ಪ-ಅಮ್ಮನ ಆಸ್ತಿಯ ಹಕ್ಕು ಹೋಗುತ್ತದೆ ಎಂಬ ಭಯ ಹಲವರಿಗಿದೆ. ಧರ್ಮ ತೊರೆದ ಕಾರಣಕ್ಕೆ ಉತ್ತರಾಧಿಕಾರ ಕಸಿಯುವಂತಿಲ್ಲ ಎಂದು 1850ರ ಬ್ರಿಟಿಷ್ ಕಾಲದ ಕಾಯ್ದೆಯೇ ಹೇಳಿತ್ತು. ಆದರೆ ಅಪ್ಪನೋ ಅಮ್ಮನೋ ಉಯಿಲು ಬರೆದು ಬೇರೆಯವರಿಗೆ ಕೊಟ್ಟರೆ ಆ ಮಾತು ಬೇರೆ.

ಹೊರಬರಲು ನಿರ್ಧರಿಸಿದವರು ಅಫಿಡವಿಟ್ ಮಾಡಿಸಿ, 2014ರ ತೀರ್ಪನ್ನು ಉಲ್ಲೇಖಿಸಿ ರಾಜ್ಯಪತ್ರಕ್ಕೆ ಅರ್ಜಿ ಹಾಕಬಹುದು. ದೀಕ್ಷಾಸ್ನಾನ ಆದ ಚರ್ಚಿಗೆ ಪತ್ರ ಬರೆದು ಷರಾ ಸೇರಿಸುವಂತೆ ಕೇಳಬಹುದು. ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನಗಳ ನೋಟಿಸ್ ಕಡ್ಡಾಯ. ಸ್ವಂತ ಆಸ್ತಿಗೆ ಉಯಿಲು ಬರೆದಿಟ್ಟರೆ ಮುಂದಿನ ಗೊಂದಲ ತಪ್ಪುತ್ತದೆ. ಅಂತ್ಯಕ್ರಿಯೆ ಹೇಗೆ ಆಗಬೇಕು ಎಂಬುದನ್ನೂ ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಬಹಿರಂಗವಾಗಿ ನಂಬಿಕೆ ತೊರೆದವರು ಸಾಯುವ ಮುನ್ನ ಪಶ್ಚಾತ್ತಾಪ ತೋರದಿದ್ದರೆ ಅವರಿಗೆ ಚರ್ಚ್ ವಿಧಿಯ ಅಂತ್ಯಸಂಸ್ಕಾರ ಇಲ್ಲ ಎನ್ನುತ್ತದೆ ಕ್ಯಾಥೋಲಿಕ್ ಕಾನೂನು.

ಕೊನೆಗೆ ಕಷ್ಟವಾಗುವುದು ಮನೆಯೊಳಗೇ. ಪ್ರೀತಿಯಿಂದ ಮಗುವನ್ನು ಇಗರ್ಜಿಗೆ ಎತ್ತಿಕೊಂಡು ಹೋದ ಅಮ್ಮನಿಗೆ ಈ ರಾಜ್ಯಪತ್ರದ ಪ್ರಕಟಣೆ ತನ್ನನ್ನೇ ತಿರಸ್ಕರಿಸಿದಂತೆ ಕಾಣಬಹುದು. ಅದನ್ನು ಸರಿಮಾಡುವ ಕಾಯ್ದೆ ಇಲ್ಲ. 2011ರ ಜನಗಣತಿಯಲ್ಲಿ ಧರ್ಮ ನಮೂದಿಸದವರ ಸಂಖ್ಯೆ ಸುಮಾರು 28.7 ಲಕ್ಷ, ಅಂದರೆ ಜನಸಂಖ್ಯೆಯ 0.24%. ಅವರೆಲ್ಲ ಧರ್ಮ ತೊರೆದವರು ಎಂದಲ್ಲ. ಆದರೆ ಆ ಕಾಲಂ ಖಾಲಿ ಬಿಡುವ ಹಕ್ಕು ಅವರಿಗಿದೆ ಎಂಬುದನ್ನು ಹೈಕೋರ್ಟ್ ಹೇಳಿ ವರ್ಷಗಳೇ ಕಳೆದಿವೆ. ಖಾಲಿ ಬಿಟ್ಟ ಮೇಲೆ ಯಾವ ಕಾನೂನು ಅವರದ್ದು ಎಂಬುದನ್ನು ಹೇಳಬೇಕಾದದ್ದು ಈಗ ಸಂಸತ್ತು.