ಫೋನಿಗೆ ತುಳು, ಕಾಗದಕ್ಕೆ ಕನ್ನಡ

ಮುಂಬಯಿಯಲ್ಲಿ ಕನ್ನಡ ಉಳಿಯುವುದು ಹೇಗೆ ಎಂಬ ವಿಷಯದ ಮೇಲೆ ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ನಾಟಕ ಆಡಬೇಕು, ಯಕ್ಷಗಾನ ಆಡಿಸಬೇಕು, ರಾಜ್ಯೋತ್ಸವ ಮಾಡಬೇಕು ಎನ್ನುತ್ತಾರೆ. ಮಾಡೋಣ, ಯಾರು ಬೇಡ ಅಂದರು? ಆದರೆ ಇವೆಲ್ಲ ವರ್ಷಕ್ಕೊಮ್ಮೆಯ ಹಬ್ಬದೂಟ. ದಿನದ ಗಂಜಿಯ ಮಾತನ್ನು ಯಾರೂ ಎತ್ತುವುದಿಲ್ಲ. ಈ ಊರಿನ ಕನ್ನಡಿಗರ ಪಾಲಿಗೆ ಆ ಗಂಜಿ ಯಾವುದಾಗಿತ್ತು ಎಂದು ಕೇಳಿದರೆ, ಊರಿಗೆ ಬರೆಯುವ ಕಾಗದ ಎಂದು ನಾನು ಹೇಳುತ್ತೇನೆ.

ಸ್ವಲ್ಪ ಯೋಚಿಸಿ ನೋಡಿ. ಇಲ್ಲಿ ಕನ್ನಡಿಗರು ಅನಿಸಿಕೊಂಡವರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರೇ ಬಹಳ. ನಮ್ಮ ಮನೆಗಳಲ್ಲಿ ಆಡುವ ಭಾಷೆ ತುಳು, ಕೆಲವರದು ಕೊಂಕಣಿ. ಅಪ್ಪ ಮಗ ಜಗಳ ಆಡುವುದೂ ಅದರಲ್ಲೇ. ಆದರೆ ಊರಿಗೆ ನಾಲ್ಕು ಸಾಲು ಬರೆಯಲು ಕುಳಿತರೆ ಮಾತ್ರ ಕನ್ನಡ! ತುಳುವಿಗೆ ಲಿಪಿ ಇಲ್ಲವೆಂದಲ್ಲ, ಆದರೆ ಅದನ್ನು ಶಾಲೆಯಲ್ಲಿ ಯಾರು ಕಲಿಸಿದ್ದರು? ಶಾಲೆ ಕಲಿಸಿದ್ದು ಕನ್ನಡ. ಪೆನ್ನಿಗೆ ಗೊತ್ತಿದ್ದದ್ದೂ ಕನ್ನಡವೇ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಬಂದ ಹುಡುಗ ಧಣಿಗಳ ಹತ್ತಿರ ತುಳು, ಗಿರಾಕಿಗಳ ಹತ್ತಿರ ಹಿಂದಿ ಮರಾಠಿ ಆಡಿ, ರಾತ್ರಿ ಶಟರ್ ಎಳೆದ ಮೇಲೆ ಇನ್‌ಲ್ಯಾಂಡ್ ಬಿಚ್ಚಿ, ತೀರ್ಥರೂಪ ತಂದೆಯವರಿಗೆ ಬಾಲಕನು ಮಾಡುವ ಸಾಷ್ಟಾಂಗ ನಮಸ್ಕಾರಗಳು ಎಂದು ಶುರುಮಾಡುತ್ತಿದ್ದ. ಅತ್ತ ಊರಿನಲ್ಲಿ ಐದನೇ ಕ್ಲಾಸಿನ ತಂಗಿ ಅದನ್ನು ಗಟ್ಟಿಯಾಗಿ ಓದಿ, ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಉತ್ತರ ಬರೆಯುವವಳೂ ಅವಳೇ. ಒಂದು ಕಾಗದದಿಂದ ಇಬ್ಬರ ಕನ್ನಡ ತುಕ್ಕು ಹಿಡಿಯದೆ ಉಳಿಯುತ್ತಿತ್ತು.

ಫೋನು ಬಂತು. ಫೋನಿಗೆ ತುಳು ಸಾಕು. ಯಾರೂ ಕನ್ನಡವನ್ನು ಬೇಡ ಅನ್ನಲಿಲ್ಲ, ನಿಷೇಧಿಸಲಿಲ್ಲ. ಅದಕ್ಕೆ ಕೆಲಸವೇ ಇಲ್ಲದ ಹಾಗಾಯಿತು ಅಷ್ಟೆ. ಬೇಡಿಕೆ ಇಲ್ಲದ ಸರಕು ಅಂಗಡಿಯ ಹಿಂದಿನ ಗೂಡಿಗೆ ಹೋಗುತ್ತದೆ ಎಂಬುದನ್ನು ಕಾಮರ್ಸಿನವನಾದ ನಾನು ಹೇಳಬೇಕಾಗಿಲ್ಲ. (ಇದು ತುಳುವಿನ ಮೇಲಿನ ದೂರಲ್ಲ. ತುಳು ನನ್ನ ಅಮ್ಮನ ಭಾಷೆ. ಸಭೆಯಲ್ಲಿ ಯಾರೂ ನನ್ನ ಮೇಲೆ ಏರಿ ಬರಬೇಡಿ.)

"ಎಂತ ಮಾರಾಯ, ವಾಟ್ಸಾಪಿನಲ್ಲಿ ಕನ್ನಡ ಬರೆಯಲಿಕ್ಕೆ ಆಗುವುದಿಲ್ಲವಾ?" ಎಂದು ಮಿತ್ರರೊಬ್ಬರು ಕೇಳಿದರು. ಆಗುತ್ತದೆ. ಬರೆಯುವವರು ಎಷ್ಟು ಮಂದಿ? ನಮ್ಮ ಗುಂಪಿನ ಸಂದೇಶಗಳನ್ನೇ ತೆಗೆದು ನೋಡಿ. ಕನ್ನಡ ಮಾತಿಗೆ ಇಂಗ್ಲಿಷ್ ಅಕ್ಷರದ ಅಂಗಿ. ಅಲ್ಲಿ ಲಕಾರ ಳಕಾರಕ್ಕೆ ವ್ಯತ್ಯಾಸವಿಲ್ಲ, ನಕಾರ ಣಕಾರಕ್ಕೆ ಬೇಧವಿಲ್ಲ. ಅದೂ ಬೇಜಾರಾದರೆ ಧ್ವನಿ ಸಂದೇಶ. ನಾನು ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಜರ್ನಲು, ಲೆಡ್ಜರು ಎಲ್ಲ ಇಂಗ್ಲಿಷ್. ಈ ಪತ್ರಿಕೆಗೆ ಬರೆಯುವುದನ್ನು ಬಿಟ್ಟರೆ ನನ್ನ ಕೈ ಕನ್ನಡ ಬರೆಯುವುದು ಅಜ್ಜಿಗೆ ಹಾಕುವ ಕಾಗದದಲ್ಲಿ ಮಾತ್ರ. ಹೋದ ವರ್ಷ ಮೊದಲನೆಯದನ್ನು ಬರೆಯುವಾಗ 'ಜ್ಞಾಪಕ' ಎಂಬಲ್ಲಿ ಪೆನ್ನು ಗಕ್ಕನೆ ನಿಂತಿತು. ಕಣ್ಣಿಗೆ ಗೊತ್ತಿದ್ದ ಅಕ್ಷರ ಕೈಗೆ ಮರೆತಿತ್ತು.

ಊರಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಕೊಕ್ಕೆಯ ತಂತಿ ತೂಗುತ್ತದೆ. ಮುಂಬಯಿಯಿಂದ ದೊಡ್ಡಪ್ಪ ಬರೆದ ಕಾರ್ಡು, ಇನ್‌ಲ್ಯಾಂಡುಗಳನ್ನೆಲ್ಲ ಅದಕ್ಕೆ ಚುಚ್ಚಿ ಇಟ್ಟಿದ್ದಾರೆ. ಒಂದು ಮಳೆಗಾಲದ ರಜೆಯಲ್ಲಿ ಕುಳಿತು ಅಷ್ಟನ್ನೂ ಓದಿದೆ. ಎಲ್ಲದರಲ್ಲೂ "ನಾನು ಇಲ್ಲಿ ಸೌಖ್ಯ." ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದ ಮನುಷ್ಯ! ಕಾಮಾಲೆಯಾಗಿ ಎರಡು ತಿಂಗಳು ಕೆಲಸವಿಲ್ಲದೆ ಕೂತಾಗಲೂ ಸೌಖ್ಯವೇ. ಹಾಗಾಗಿ, ಕಾಗದದಲ್ಲಿ ಜನ ಸತ್ಯವನ್ನೇ ಬರೆಯುತ್ತಿದ್ದರು, ಫೋನಿನಲ್ಲಿ ಸುಳ್ಳು ಹೇಳುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸುಳ್ಳು ಕಾಗದದಲ್ಲೂ ಧಾರಾಳವಾಗಿತ್ತು. ಆದರೆ ಆ ಕಾಮಾಲೆಯ ದಿನಗಳ ಕಾಗದದಲ್ಲಿ ಸಾಲುಗಳು ಬಲಗಡೆಗೆ ಇಳಿಯುತ್ತಾ ಹೋಗಿವೆ, ತಲೆಕಟ್ಟುಗಳು ನಡುಗಿವೆ. ಓದು ಬಾರದ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ನೋಡಿ "ಆಯಗ್ ಉಷಾರ್ ಇಜ್ಜಿ" ಅಂದರಂತೆ. ಅವನಿಗೆ ಹುಷಾರಿಲ್ಲ! ಟೈಪು ಮಾಡಿದ ಸೌಖ್ಯದಲ್ಲಿ ಅಜ್ಜಿ ಏನನ್ನು ನೋಡಬೇಕಿತ್ತು?

ನಮ್ಮ ಕೈಯಲ್ಲೇ ಬರೆಯಬಲ್ಲೆವು ಎಂಬುದು ಎಂಥ ಆಸ್ತಿ ಎಂದು ತಿಳಿಯಲು ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಜಿ.ಪಿ.ಓ. ಕಡೆ ನಡೆದರೆ ಸಾಕು. ಅದರ ಎದುರು ಪೆಟ್ಟಿಗೆ ಇಟ್ಟುಕೊಂಡು ಕುಳಿತ ಪತ್ರ ಬರೆಯುವವರು ಒಂದು ಕಾಲಕ್ಕೆ ಅಕ್ಷರ ಬಾರದ ಕೂಲಿಗಳ ಮನಿಆರ್ಡರು, ಸುಖದುಃಖ ಎಲ್ಲವನ್ನೂ ಕಾಸಿಗೆ ಬರೆದುಕೊಡುತ್ತಿದ್ದರು. ಆಮೇಲಾಮೇಲೆ ಅವರಿಗೆ ಪಾರ್ಸೆಲ್ ಕಟ್ಟುವುದೇ ಮುಖ್ಯ ಕೆಲಸವಾಯಿತು. ಹೆಂಡತಿಗೆ ಹೇಳಬೇಕಾದ ಮಾತನ್ನು ಪರಕೀಯನ ಕಿವಿಯಲ್ಲಿ ಹೇಳಿ ಬರೆಸಬೇಕಾದವರ ಸಂಕಟ ನಮಗಿಲ್ಲ. ನಮಗೆ ಬರುತ್ತದೆ, ನಾವು ಬರೆಯುವುದಿಲ್ಲ. ಅಂದ ಹಾಗೆ, ಜಾನ್ ಬೆಗ್ ಎಂಬಾತನ ನಕ್ಷೆಯಂತೆ 1913ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಳಗುಮ್ಮಟವೇ ಮಾದರಿ. ದಿನಾ ಅದರ ಕೆಳಗೆ ಓಡಾಡುವವರು ಒಮ್ಮೆ ತಲೆ ಎತ್ತಿ ನೋಡಿ.

ಎಲ್ಲದಕ್ಕೂ ಕಾಗದ ಎಂದು ನಾನು ಹಟ ಹಿಡಿಯುವುದಿಲ್ಲ. ಸಾವಿನ ಸುದ್ದಿ ಕಾರ್ಡಿನಲ್ಲಿ ಬಂದು, ಓದಿದ ಕೂಡಲೇ ಹರಿದು ಹಾಕುವ ಹೊತ್ತಿಗೆ ಅಲ್ಲಿ ಹನ್ನೊಂದೂ ಮುಗಿದಿರುತ್ತಿತ್ತು. ಆ ಕಾಲ ಹೋದದ್ದೇ ಒಳ್ಳೆಯದು. ತಂತಿ 2013ರ ಜುಲೈಯಲ್ಲಿ ನಿಂತಾಗಲೂ ನಷ್ಟವೇನಾಗಲಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದಾಗ "ಪೋಸ್ಟೇ ಬಂದಾಯಿತಂತೆ" ಎಂದು ಸುದ್ದಿ ಹಬ್ಬಿಸಿದವರಿಗೆ ಮಾತ್ರ ಹೇಳುತ್ತೇನೆ: ಕಾರ್ಡು ಬಂದಾಗಿಲ್ಲ. ಬೆಲೆ 50 ಪೈಸೆ. ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ. ಒಂದು ಕಟಿಂಗ್ ಚಹಾದ ದುಡ್ಡಿನಲ್ಲಿ ಊರಿನ ನಾಲ್ಕಾರು ಮನೆಗಳಿಗೆ ಬರೆಯಬಹುದು.

ವಿಳಾಸವನ್ನೂ ಕನ್ನಡದಲ್ಲೇ ಬರೆಯಿರಿ. ಪಿನ್ ಕೋಡು ಸ್ಪಷ್ಟವಾಗಿರಲಿ, ರಾಜ್ಯ ಜಿಲ್ಲೆಗಳನ್ನು ಬೇಕಾದರೆ ಇಂಗ್ಲಿಷಿನಲ್ಲೂ ಸೇರಿಸಿ. ಇಲ್ಲಿ ವಿಂಗಡಿಸುವವರಿಗೆ ಅಷ್ಟು ಸಾಕು. ಹಲವು ಲಿಪಿಗಳ, ಒಂದೇ ಹೆಸರಿನ ಹತ್ತೂರುಗಳ ದೇಶದಲ್ಲಿ ಕಾಗದ ದಾರಿ ತಪ್ಪಬಾರದೆಂದೇ 1972ರ ಆಗಸ್ಟ್ 15ರಿಂದ ಆರಂಕಿಯ ಈ ಪದ್ಧತಿ ಬಂದದ್ದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದ ಕವಿ ಎಂಬುದು ನನಗೆ ಖುಷಿ ಕೊಡುವ ಸಂಗತಿ. 57ರಿಂದ ಶುರುವಾಯಿತೋ, ಕಾಗದ ನಮ್ಮ ಕರಾವಳಿ, ಮಲೆನಾಡು, ಮೈಸೂರು ಸೀಮೆಯ ಕಡೆ ಹೊರಟಿತೆಂದೇ ಲೆಕ್ಕ. ಅಲ್ಲಿನ ಪೋಸ್ಟ್‌ಮ್ಯಾನ್‌ಗೆ ಕನ್ನಡ ಬರುತ್ತದೆ.

ಸಂಘದ ಮುಂದಿನ ಸಭೆಗೆ ನಾನು 100 ಕಾರ್ಡು ತರುತ್ತೇನೆ. 50 ರೂಪಾಯಿ ನನ್ನದು, ಯಾರೂ ವಂತಿಗೆ ಕೊಡಬೇಕಾಗಿಲ್ಲ. ನೀವು ಪೆನ್ನು ತನ್ನಿ. ಊರಿನ ಮನೆಯ ವಿಳಾಸ ಗೊತ್ತಿಲ್ಲದವರು ಇವತ್ತೇ ಅಮ್ಮನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.