ಓಡಿ ಬಂದ ಹುಡುಗನಿಗೆ ಚಾಪೆ ಕೊಟ್ಟವರು

ಠಾಣೆ, ಡೊಂಬಿವಲಿ ಕಡೆಯ ನಮ್ಮ ಕನ್ನಡ ಸಂಘಗಳ ಸಮಾರಂಭಗಳಲ್ಲಿ ಮುಖ್ಯ ಅತಿಥಿಗಳ ಬಾಯಲ್ಲಿ ಒಂದು ಕಾಯಂ ಕಥೆಯಿದೆ. ಪರೀಕ್ಷೆಯಲ್ಲಿ ನಪಾಸಾದ ನಾಚಿಕೆಗೋ ಅಪ್ಪ ಕೊಟ್ಟ ಪೆಟ್ಟಿನ ಸಿಟ್ಟಿಗೋ ಮನೆಯಲ್ಲಿ ಹೇಳದೆ ಕೇಳದೆ ಮುಂಬಯಿಗೆ ಓಡಿ ಬಂದ ಹುಡುಗ, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕಡೆಗೆ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತ ಕಥೆ. ಅವನು ಅಂದು ಹಿಂದೆ ಮುಂದೆ ನೋಡುತ್ತ ನಿಂತಿದ್ದರೆ ಇಂದು ಇಲ್ಲಿರುತ್ತಿದ್ದನೇ ಎಂದು ಅತಿಥಿಗಳು ಕೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದೇ ಮಾತು ಈಗ ಮೊಬೈಲಿನ ರೀಲುಗಳಿಗೂ ಇಳಿದಿದೆ: ಕೆಲಸ ಬಿಡಿ, ಧುಮುಕಿ, ದಾರಿ ತಾನಾಗಿ ತೆರೆಯುತ್ತದೆ.

ದಾರಿ ತಾನಾಗಿ ತೆರೆಯುವುದಿಲ್ಲ. ಯಾರೋ ಮೊದಲೇ ತೆರೆದಿಟ್ಟಿರುತ್ತಾರೆ. ಆವೇಶದಲ್ಲಿ ಬದುಕನ್ನೇ ತಿರುಗಿಸಿಕೊಂಡವನು ಮುಂದೇನು ಎಂಬ ಭಯವನ್ನು ದಾಟುವುದು ಅವನ ಎದೆಗಾರಿಕೆಯಿಂದ ಎಷ್ಟೋ, ಅದಕ್ಕಿಂತ ಹೆಚ್ಚು ಅವನು ಬಂದು ಬಿದ್ದ ಜಾಗದಲ್ಲಿ ಏನಿತ್ತು ಎಂಬುದರಿಂದ.

ಆ ಹುಡುಗನ ಮೊದಲ ರಾತ್ರಿಯನ್ನೇ ನೋಡಿ. ಹೋಟೆಲಿನ ಶಟರ್ ಇಳಿದ ಮೇಲೆ ಟೇಬಲುಗಳನ್ನು ಜೋಡಿಸಿ ಒಬ್ಬ ಮಲಗುತ್ತಾನೆ, ಇನ್ನೊಬ್ಬ ಅಟ್ಟ ಹತ್ತುತ್ತಾನೆ, ಹೊಸಬನ ಕೈಗೂ ಒಂದು ಚಾಪೆ ಬರುತ್ತದೆ. ಬೆಳಗಿನ ಜಾವಕ್ಕೆ ಎದ್ದು ಸೋಡಾ ಪುಡಿಯ ನೀರಿನಲ್ಲಿ ಕೈಯಿಟ್ಟರೆ ವಾರದೊಳಗೆ ಬೆರಳ ಸಂದು ಬಿರಿಯುತ್ತದೆ. ಆದರೆ ಹೊಟ್ಟೆಗೆ ಊಟವಿದೆ, ಸುತ್ತ ತುಳುವೋ ಕುಂದಗನ್ನಡವೋ ಕೇಳಿಸುತ್ತದೆ. ಧಣಿ ಒಂದಷ್ಟು ಬೈದು, "ಹುಡುಗ ನಮ್ಮಲ್ಲಿದ್ದಾನೆ, ಚಿಂತೆ ಬೇಡ" ಎಂದು ಊರಿಗೆ ಒಂದು ಕಾರ್ಡು ಹಾಕಿಸುತ್ತಾನೆ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು, ಹುಡುಕಿಕೊಂಡು ಬರುವುದು ಸುಲಭವಲ್ಲದ ಕಾಲದಲ್ಲಿ, ಆ ಕಾರ್ಡು ತಲುಪಿದ ಮೇಲೆಯೇ ತಾಯಿಯ ಗಂಟಲಿನಲ್ಲಿ ಅನ್ನ ಇಳಿಯುತ್ತಿದ್ದದ್ದು. ಸಂಜೆ ಓದಬೇಕೆಂದರೆ ರಾತ್ರಿಶಾಲೆಗಳಿದ್ದವು, ಬಿಲ್ಲವರ ಎಸೋಸಿಯೇಶನ್ ನಡೆಸಿದ ಗುರುನಾರಾಯಣ ರಾತ್ರಿ ಪ್ರೌಢಶಾಲೆಯಂಥವು. ಸಾಲ ಬೇಕೆಂದರೆ 1978ರಲ್ಲಿ ಅದೇ ಸಮುದಾಯದವರು ಕಟ್ಟಿದ ಭಾರತ್ ಬ್ಯಾಂಕ್ ಇತ್ತು. ಬಂಡವಾಳವಿಲ್ಲದವನು ಬೇರೆಯವರ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಹಿಡಿದು ನಡೆಸಬಹುದಿತ್ತು. ಕಲ್ಯಾಣ, ಡೊಂಬಿವಲಿಯ ಕಡೆ ಮನೆ ಮಾಡಿದ ಕಾಲಕ್ಕೆ ಮಕ್ಕಳನ್ನು ಸೇರಿಸಲು ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವೂ ಇತ್ತು. ಭಾಷಣದಲ್ಲಿ ಇವೆಲ್ಲ ಮಾಯವಾಗಿ ಬರೀ ಹುಡುಗನ ಧೈರ್ಯ ಉಳಿಯುತ್ತದೆ.

ಹಾಗಾದರೆ ಆವೇಶವೇ ತಪ್ಪು, ಕೂತು ಲೆಕ್ಕ ಹಾಕಿಯೇ ಹೆಜ್ಜೆಯಿಡಬೇಕು ಎನ್ನುವವರಿದ್ದಾರೆ. ಅವರ ಮಾತಿಗೆ ತೂಕವಿದೆ, ಆದರೆ ಲೆಕ್ಕ ಎಲ್ಲಿಯತನಕ ಕೈಹಿಡಿಯುತ್ತದೆ? 2019ರ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಸರಕಾರಿ ದೂರವಾಣಿ ಸಂಸ್ಥೆ ಎಂಟಿಎನ್‌ಎಲ್‌ನ ನೌಕರರಿಗೆ ಸ್ವಯಂನಿವೃತ್ತಿಯ ಅವಕಾಶ ಬಂತು. ಠಾಣೆ, ನವಿ ಮುಂಬಯಿಯ ಫೋನುಗಳೂ ಆಗ ಅದೇ ಸಂಸ್ಥೆಯವು. ಇಡೀ ನೌಕರಿಯ ಬದುಕನ್ನು ತೀರ್ಮಾನಿಸಲು ಒಂದೇ ಒಂದು ತಿಂಗಳು. ಆದರೂ ಆ ತಿಂಗಳಿಡೀ ಜನ ಲೆಕ್ಕವನ್ನೇ ಹಾಕಿದ್ದು: ಕೈಗೆ ಬರುವ ಇಡಿಗಂಟೆಷ್ಟು, ಮಗಳ ಮದುವೆಗೆಷ್ಟು, ಬಡ್ಡಿಯೆಷ್ಟು. ದಿಲ್ಲಿ, ಮುಂಬಯಿ ಸೇರಿ 14 ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ 2020ರ ಜನವರಿ 31ಕ್ಕೆ ಹೊರಬಂದರು. ಎರಡು ತಿಂಗಳು ತುಂಬುವ ಮೊದಲೇ ದೇಶಕ್ಕೆ ಬೀಗ ಬಿತ್ತು. ಯಾವ ಹಾಳೆಯಲ್ಲೂ ಅದರ ಲೆಕ್ಕ ಇರಲಿಲ್ಲ. ನಿವೃತ್ತಿಯ ಮೇಲೆ ಸಣ್ಣ ಅಂಗಡಿ ಹಾಕುವ ಯೋಚನೆಯಿದ್ದವರು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತರು. ಆ ದಿನಗಳಲ್ಲಿ ನಿದ್ದೆ ಬಂದದ್ದು ಜಾಣತನದಿಂದ ಲೆಕ್ಕ ಹಾಕಿದವರಿಗಲ್ಲ, ತಿಂಗಳಿಗಿಷ್ಟು ಎಂದು ಪಿಂಚಣಿ ಬರುತ್ತಿದ್ದವರಿಗೆ.

ಎಲ್ಲ ಹಣೆಬರಹ ಎನ್ನುವವರೂ ಇದ್ದಾರೆ. ಪಿಂಚಣಿಯ ಕಾಯಿದೆಯನ್ನು ಬ್ರಹ್ಮ ಬರೆದದ್ದಲ್ಲ ಎಂದಷ್ಟೇ ಅವರಿಗೆ ಹೇಳಬಹುದು.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ಆಕ್ಷೇಪ ಬೇರೆ. ಹೋಟೆಲಿನ ಆ ಆಸರೆಯನ್ನು ಇಷ್ಟು ಹೊಗಳಬೇಕೇ? ಆ ಮಕ್ಕಳಿಗೆ ಹನ್ನೆರಡು, ಹದಿಮೂರು ವರ್ಷ. ದುಡಿಮೆಗೆ ಹೊತ್ತುಗೊತ್ತಿಲ್ಲ, ಎಷ್ಟೋ ಕಡೆ ಸಂಬಳಕ್ಕೂ ಗೊತ್ತುಗುರಿಯಿಲ್ಲ. ಹದಿನಾಲ್ಕು ತುಂಬದವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬರಲು 2006ರ ಅಕ್ಟೋಬರ್ 10ರವರೆಗೆ ಕಾಯಬೇಕಾಯಿತು. ಚಾಪೆ ಕೊಟ್ಟ ಕೈಯೇ ಚಾಕರಿಯನ್ನೂ ಮಾಡಿಸಿಕೊಂಡಿತು. ಒಪ್ಪುತ್ತೇನೆ. ಇನ್ನೂ ಒಂದು ಮಾತು ಸೇರಿಸುತ್ತೇನೆ: ಆ ಚಾಪೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಊರು ಯಾವುದು, ಯಾರ ಪೈಕಿ ಎಂದು ಕೇಳಿದಾಗ ಸರಿಯಾದ ಉತ್ತರ ಕೊಡಬಲ್ಲವನಿಗೇ ಅದು ಮೊದಲು. ಹುಡುಗಿಗಂತೂ ಇಲ್ಲವೇ ಇಲ್ಲ. ಅಪ್ಪನ ಪೆಟ್ಟು ಅವಳಿಗೂ ಬಿದ್ದಿತ್ತು, ನಪಾಸು ಅವಳೂ ಆಗಿದ್ದಳು. ಅವಳೂ ಹಾಗೆಯೇ ಬಸ್ಸು ಹತ್ತಿ ಬಂದಿದ್ದರೆ ಯಾವ ಹೋಟೆಲಿನ ಅಟ್ಟದಲ್ಲಿ ಮಲಗುತ್ತಿದ್ದಳು? ಯಾವ ಧಣಿ ಊರಿಗೆ ಕಾರ್ಡು ಹಾಕುತ್ತಿದ್ದ? ಓಡಿ ಬಂದ ಹುಡುಗನಿಗೆ ಶಾಲು, ಹಾರ, ಫಲಪುಷ್ಪ. ಓಡಿ ಹೋದ ಹುಡುಗಿಯ ಹೆಸರೆತ್ತಿದರೆ ಇಂದಿಗೂ ದನಿ ತಗ್ಗುತ್ತದೆ. ಎದೆಗಾರಿಕೆಯೊಂದೇ ಸಾಕೆನ್ನುವವರು ಈ ವ್ಯತ್ಯಾಸಕ್ಕೆ ಉತ್ತರ ಕೊಡಬೇಕು. ಅವಳಿಗೆ ಎದೆ ಇರಲಿಲ್ಲ ಎನ್ನುತ್ತೀರಾ?

ಹಳೆಯ ಆಸರೆ ಈಗ ಹೇಗೂ ಸವೆದಿದೆ. ಐರೋಲಿಯ ಕಂಪನಿಯಲ್ಲಿ ಮ್ಯಾನೇಜರನ ಒಂದು ಮಾತಿಗೆ ರೇಗಿ ರಾಜೀನಾಮೆ ಕಳಿಸಿದ ತರುಣನಿಗೆ ಹೋಟೆಲಿನ ಅಟ್ಟ ಬೇಕಿಲ್ಲ. ಘನ್ಸೋಲಿಯ ಫ್ಲ್ಯಾಟಿನ ಮೂರು ಕಂತು ಕಟ್ಟುವಷ್ಟು ಉಸಿರು ಬೇಕು, ನಾಳೆ ಯಾರಿಗೆ ಫೋನು ಮಾಡಲಿ ಎಂಬುದಕ್ಕೆ ಒಂದು ಹೆಸರು ಬೇಕು. ಗಂಡನ ಮನೆಯಿಂದ ರಾತ್ರಿ ಹೊರಬಿದ್ದವಳಿಗೆ ಬಾಡಿಗೆ ಕರಾರು, ಡಿಪಾಸಿಟ್ಟು ಎನ್ನದೆ ಮಲಗಲು ಒಂದು ಖೋಲಿ ಬೇಕು. ಸಂಘಗಳಿಗೆ ಇದು ಆಗದ ಕೆಲಸವಲ್ಲ. ಹಿಂದಿನವರು ದಿನದ ದುಡಿಮೆ ಮುಗಿಸಿ ಬಂದ ಹುಡುಗರಿಗಾಗಿ ರಾತ್ರಿ ಹೊತ್ತು ಶಾಲೆ ನಡೆಸಿದರು. ಈ ವರ್ಷದ ಬಜೆಟ್ಟಿನಲ್ಲಿ ಸನ್ಮಾನಕ್ಕೆ ತೆಗೆದಿರಿಸಿದ್ದೆಷ್ಟು, ಇಂಥ ಖೋಲಿಗೆ ತೆಗೆದಿರಿಸಿದ್ದೆಷ್ಟು ಎಂದು ಮುಂದಿನ ಮಹಾಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ.